ಮನೆ ಆಯ್ತು, ದೇವರ ಋಣ ತೀರಿಸಲು ದೊಡ್ಡ ಅನ್ನಸಂತರ್ಪಣೆ ಮಾಡಿಸಬೇಕಾ, ಊಟದ ಮುಂಚೆ ಕೈ ಮುಗಿದರೆ ಸಾಕಾ?

ಸಾಲ ಮಾಡಿ ಮಾಡಿಸಬೇಡಿ. ನಾನು ಮಾಡಿಸಿದವನು, ಅದಕ್ಕೇ ಹೇಳುತ್ತಿದ್ದೇನೆ.

ನಾನು ಕುಂದಾಪುರದ ಕಡೆಯವನು. ಮುಂಬಯಿಯ ಮಾಟುಂಗಾದ ಒಂದು ಉಡುಪಿ ಹೋಟೆಲಲ್ಲಿ ಟೇಬಲ್ ಒರೆಸುತ್ತಾ ರಾತ್ರಿ ಶಾಲೆಯಲ್ಲಿ ಓದಿದೆ. ಎಷ್ಟೋ ವರ್ಷದ ಮೇಲೆ ಡೊಂಬಿವಲಿಯಲ್ಲಿ ಸ್ವಂತ ಮನೆ ಆಯ್ತು. ಸತ್ಯನಾರಾಯಣ ಪೂಜೆ, ಹಾಲ್‌ನಲ್ಲಿ 300 ಜನಕ್ಕೆ ಊಟ. ಮನೆ ಕೊಟ್ಟ ದೇವರ ಹತ್ತಿರ ಕಂಜೂಸಿ ಮಾಡಬಾರದು ಅಲ್ವಾ? ಕ್ರೆಡಿಟ್ ಸೊಸೈಟಿಯಿಂದ ಸಾಲ ತಂದೆ.

ಎಡವಿದ್ದು ದಿನದಲ್ಲಿ. ಭಟ್ರು ಕೊಟ್ಟ ಮುಹೂರ್ತ ಮೇ ತಿಂಗಳ ಒಂದು ಬುಧವಾರ. ಮುಂಬಯಿಯಲ್ಲಿ ಬುಧವಾರ ಮಧ್ಯಾಹ್ನ ರಜೆ ಹಾಕಿ ಊಟಕ್ಕೆ ಯಾರು ಬರುತ್ತಾರೆ? ಫೋನಿನಲ್ಲಿ ಎಲ್ಲರೂ "ಬರ್ತೇವೆ ಮಾರಾಯ" ಅಂದರು. ಅವರ ಲೆಕ್ಕದಲ್ಲಿ ಅದು ಆಫೀಸ್ ಬಿಟ್ಟ ಮೇಲೆ. ಮೇಲಾಗಿ ಮೇ ಅಂದರೆ ನಮ್ಮವರು ಅರ್ಧ ಜನ ಊರಲ್ಲಿ! ಮಧ್ಯಾಹ್ನ ಬಂದವರು ನೂರೂ ಇಲ್ಲ. ಸಂಜೆಗೆ ಇರಲಿ ಅಂತ ಬಿಸಿ ಅನ್ನವನ್ನು ಪಾತ್ರೆಗೆ ಒತ್ತಿ ತುಂಬಿಸಿ ಮುಚ್ಚಳ ಹಾಕಿಸಿದೆ. ಹರವಿ ಆರಿಸಬೇಕಿತ್ತು. ಹಬೆ ಒಳಗೇ ನೀರಾಗಿ ಇಳಿಯಿತು, ನಡುವಿನ ಅನ್ನ ಆರಲೇ ಇಲ್ಲ. ಆರು ಗಂಟೆಗೆ ತೆಗೆದರೆ ಹುಳಿ ವಾಸನೆ, ಬೆರಳಿಗೆ ನೂಲುನೂಲಾಗಿ ಅಂಟು. ಕಾಯಿ ಅರೆದು ಹಾಕಿದ ಸಾಂಬಾರಲ್ಲಿ ನೊರೆ. ಎಲ್ಲಾ ಕಸದ ಗಾಡಿಗೆ ಹೋಯ್ತು. ಸಂಜೆ ಬಂದವರಿಗೆ ವಡಾಪಾವ್ ತರಿಸಿದೆ. ಸಾಲದ ಕಂತು ಮುಂದಿನ ಗಣಪತಿ ಕಳೆದರೂ ಮುಗಿಯಲಿಲ್ಲ.

ಅದಿರಲಿ, "ಋಣ ತೀರಿಸೋದು" ಅನ್ನೋ ನಿಮ್ಮ ಮಾತೇ ನನಗೆ ಒಪ್ಪಿಗೆ ಇಲ್ಲ. ದೇವರು ಬಿಲ್ ಕಳಿಸಿದ್ದಾನಾ? ಬರೀ ತನಗಾಗಿ ಬೇಯಿಸಿಕೊಳ್ಳುವವನು ಪಾಪವನ್ನೇ ಉಣ್ಣುತ್ತಾನೆ ಅಂತ ಗೀತೆಯ 3ನೇ ಅಧ್ಯಾಯದಲ್ಲಿದೆ. ಎಷ್ಟು ಎಲೆ ಹಾಕಬೇಕು ಅಂತ ಅಲ್ಲಿ ಹೇಳಿಲ್ಲ. ನಮ್ಮ ಹೋಟೆಲ್ ಧಣಿ ಬೆಳಿಗ್ಗೆ ಮೊದಲ ಇಡ್ಲಿಯನ್ನು ಅನ್ನಪೂರ್ಣೇಶ್ವರಿ ಫೋಟೋ ಮುಂದೆ ಇಡುತ್ತಿದ್ದರು. ಮಧ್ಯಾಹ್ನ ಗಿರಾಕಿ ಬರುವ ಮುಂಚೆ ಪಾತ್ರೆ ತೊಳೆಯುವ ಹುಡುಗರನ್ನು ಕೂರಿಸಿ, ಅದೇ ಅನ್ನ, ಅದೇ ತುಪ್ಪ ಬಡಿಸುತ್ತಿದ್ದರು. ಬೈಗುಳಕ್ಕೆ ಮಾತ್ರ ಅವರಲ್ಲಿ ಯಾವತ್ತೂ ಕಮ್ಮಿ ಇರಲಿಲ್ಲ!

ಊಟದ ಮುಂಚಿನ ಪ್ರಾರ್ಥನೆ ಧಾರಾಳವಾಗಿ ಮಾಡಿ. ನಮ್ಮಲ್ಲಿ ಹೆಂಡತಿ "ಅನ್ನಪೂರ್ಣೇ ಸದಾಪೂರ್ಣೇ" ಅಂದರೆ, ಮಗಳು ಮರಾಠಿ ಶಾಲೆಯಲ್ಲಿ ಕಲಿತ "ವದನಿ ಕವಳ ಘೇತಾ" ಹೇಳುತ್ತಾಳೆ. ನಾನು ಸುಮ್ನೆ ಕೈ ಮುಗಿಯುತ್ತೇನೆ.

ಆದರೂ ಊಟ ಹಾಕಲೇಬೇಕು ಅನ್ನಿಸಿದರೆ, ಪೂಜೆ ಮುಹೂರ್ತದ ದಿನ ಇರಲಿ, ಊಟ ಭಾನುವಾರ ಇಡಿ. ಇಎಂಐ ಕಟ್ಟಿ ಉಳಿದ ದುಡ್ಡಲ್ಲಿ ಎಷ್ಟಾಗುತ್ತೋ ಅಷ್ಟೇ ಎಲೆ. ವಾಚ್‌ಮನ್‌ನನ್ನೂ ಕಸ ಗುಡಿಸುವ ಹೆಂಗಸನ್ನೂ ಮೊದಲ ಪಂಕ್ತಿಗೇ ಕರೆಯಿರಿ, ಆಮೇಲೆ ಉಳಿದದ್ದನ್ನು ಅವರಿಗೆ ಕಟ್ಟಿ ಕೊಡೋದು ಬೇಡ.