ಬಂದೂಕು ಹಿಡಿಯಲು ಬಡತನ ಒಂದೇ ಸಾಕಾ?

ಪ್ರಶ್ನೆ: ಸರ್, ನನ್ನ ಮಗಳ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇದೆ. ‘ನಕ್ಸಲ್ ಹೋರಾಟಕ್ಕೆ ಬಡತನವೇ ಕಾರಣ’ ಅನ್ನುವುದು ವಿಷಯ. ಅವಳು ಹೌದು ಅಂತಾಳೆ. ನನಗೆ ಅನುಮಾನ. ಅಡಿಕೆ ರೇಟು ಬಿದ್ದಾಗ ನಾವೂ ಕಷ್ಟ ಪಟ್ಟಿದ್ದೇವೆ, ನಮಗಿಂತ ಬಡವರೂ ಊರಲ್ಲಿ ಇದ್ದರು. ಯಾರೂ ಕಾಡಿಗೆ ಹೋಗಲಿಲ್ಲ. ಹಾಗಾದರೆ ಹೋಗುವವರು ಯಾಕೆ ಹೋಗ್ತಾರೆ?
– ತೀರ್ಥಹಳ್ಳಿ ತಾಲ್ಲೂಕಿನ ಓದುಗರು

ಉತ್ತರ: ಮಗಳ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಿಮ್ಮ ಅನುಮಾನಕ್ಕೇ ತೂಕ ಜಾಸ್ತಿ.

ಬಡತನವೇ ಕಾರಣ ಆಗಿದ್ದರೆ ನಕ್ಸಲರು ಮಲೆನಾಡಿಗೆ ಬರಬೇಕಾಗಿರಲಿಲ್ಲ. ಕರ್ನಾಟಕದಲ್ಲಿ ಬಡತನ ಜಾಸ್ತಿ ಇರುವುದು ರಾಯಚೂರು, ಯಾದಗಿರಿ, ಕಲಬುರಗಿ ಕಡೆ. ರಾಯಚೂರಿನಲ್ಲಿ ಅವರ ಓಡಾಟ ಮೊದಲೇ ಇತ್ತು. ಆದರೂ ಅವರು ನೆಲೆ ಮಾಡಿಕೊಳ್ಳಲು ನೋಡಿದ್ದು ಶೃಂಗೇರಿ, ಕೊಪ್ಪ, ಕಾರ್ಕಳ, ತೀರ್ಥಹಳ್ಳಿ, ಹೊಸನಗರದ ಕಾಡಂಚಿನಲ್ಲಿ. ಅಡಗಿಕೊಳ್ಳಲು ದಟ್ಟ ಕಾಡು ಸಿಕ್ಕಿತು, ಅದು ಸರಿ. ಆದರೆ ಕಾಡು ಉತ್ತರ ಕನ್ನಡದಲ್ಲೂ ಇದೆ. ಇಲ್ಲಿ ಕಾಡಿನ ಜೊತೆ ಕುದುರೆಮುಖದ ಸಮಸ್ಯೆಯೂ ಇತ್ತು.

1987ರಲ್ಲಿ ಅಲ್ಲಿನ ಸುಮಾರು 600 ಚದರ ಕಿಲೋಮೀಟರ್ ಕಾಡನ್ನು ರಾಷ್ಟ್ರೀಯ ಉದ್ಯಾನ ಮಾಡುವ ಪ್ರಕ್ರಿಯೆ ಶುರುವಾಯಿತು. ಅಂತಿಮ ಅಧಿಸೂಚನೆ ಬಂದಿದ್ದು 2001ರಲ್ಲಿ. ಒಳಗಿದ್ದ ಮಲೆಕುಡಿಯ, ಗೌಡಲು ಮತ್ತು ಇತರ ಕುಟುಂಬಗಳಿಗೆ ಒಕ್ಕಲೆಬ್ಬಿಸುವ ಹೆದರಿಕೆ ಹತ್ತಿಕೊಂಡಿತು. ಅದೇ ಗುಡ್ಡಗಳನ್ನು ಬಗೆದು ಕಬ್ಬಿಣದ ಅದಿರು ತೆಗೆಯುವ ಕಂಪನಿ ಮಾತ್ರ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಿಂದ ಗಣಿ ನಿಂತಿದ್ದು 2005ರ ಕೊನೆಗೆ. ತಲೆಮಾರುಗಳಿಂದ ಇದ್ದವನು ಸೊಪ್ಪು ಕಡಿದರೆ ಕೇಸು, ಗುಡ್ಡವನ್ನೇ ತೆಗೆದವನಿಗೆ ಪರವಾನಗಿ. ಸಿಟ್ಟು ಬರಲು ಇದಕ್ಕಿಂತ ಹೆಚ್ಚು ಬೇಕಾ?

ಗಮನಿಸಿ, ಇವರಲ್ಲಿ ಹಲವರ ಮನೆಗಳಲ್ಲಿ ಸ್ವಲ್ಪ ಗದ್ದೆ, ನಾಲ್ಕು ಅಡಿಕೆ ಮರ ಇದ್ದವು. ಊಟಕ್ಕೇ ಇಲ್ಲ ಅನ್ನುವ ಸ್ಥಿತಿಗಿಂತ, ಇರುವುದೂ ಕೈಬಿಟ್ಟು ಹೋಗುತ್ತದೆ ಅನ್ನುವ ಭಯ ಅವರನ್ನು ಕಾಡುತ್ತಿತ್ತು. ಏನೂ ಇಲ್ಲದವನು ಸಾಮಾನ್ಯವಾಗಿ ಗಂಟು ಕಟ್ಟಿಕೊಂಡು ಬೆಂಗಳೂರಿಗೋ ಮಂಗಳೂರಿಗೋ ಹೋಗುತ್ತಾನೆ. ಇರುವ ಒಂದೆಕರೆಯನ್ನೂ ನಿನ್ನದಲ್ಲ ಅನ್ನಿಸಿಕೊಂಡವನು ಅಲ್ಲೇ ನಿಂತು ಜಗಳಕ್ಕೆ ಇಳಿಯುತ್ತಾನೆ. ಜೊತೆಗೆ ಅವಮಾನ ಬೇರೆ: ಗಾರ್ಡ್ ಏಕವಚನದಲ್ಲಿ ಬಯ್ಯುವುದು, ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ತಾಲ್ಲೂಕು ಕಚೇರಿಗೆ ಅಲೆಸುವುದು. ನನ್ನ ಲೆಕ್ಕದಲ್ಲಿ ಬಡತನಕ್ಕಿಂತ ಈ ಎರಡಕ್ಕೆ ಬಲ ಜಾಸ್ತಿ.

ಹೀಗಿದ್ದೂ ಕಾಡಿಗೆ ಹೋದವರು ಎಷ್ಟು ಮಂದಿ? ಬಹಳ ಕಡಿಮೆ. ಮಿಕ್ಕವರೆಲ್ಲ ಸಭೆ ಮಾಡಿದರು, ಮೆರವಣಿಗೆ ಹೋದರು, ಅರ್ಜಿ ಕೊಟ್ಟರು, ಇಲ್ಲವೇ ಸುಮ್ನೆ ಇದ್ದರು. ಹಾಗಾಗಿ ಭಯ ಮತ್ತು ಸಿಟ್ಟೂ ಪೂರ್ತಿ ಉತ್ತರ ಅಲ್ಲ. ಕರೆಯಲು ಒಬ್ಬರು ಬರಬೇಕು. ಇಲ್ಲಿ ಬಂದವರು ಓದಿದವರು. 2005ರ ಫೆಬ್ರವರಿಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ನಕ್ಸಲ್ ನಾಯಕ ಸಾಕೇತ್ ರಾಜನ್ ಮೈಸೂರಿನವರು, ದೆಹಲಿಯಲ್ಲಿ ಪತ್ರಿಕೋದ್ಯಮ ಕಲಿತವರು. ಅವರನ್ನು ಕಾಡಿಗೆ ಕಳಿಸಿದ್ದು ಬಡತನ ಅಂತ ಯಾರೂ ಹೇಳಲಾರರು.

ನಮ್ಮ ಜಿಲ್ಲೆಯದೇ ಇನ್ನೊಂದು ಉದಾಹರಣೆಯನ್ನು ಮಗಳಿಗೆ ಹೇಳಿ. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದಲ್ಲೇ ಮೋಸ ಅನ್ನುವುದು ಅವರ ದೂರು. ಆಗಿನ ಬಡತನಕ್ಕೆ ಹೋಲಿಸಿದರೆ ನಮ್ಮದು ಬಡತನವೇ ಅಲ್ಲ. ಆದರೂ ಬಂದೂಕು ಬರಲಿಲ್ಲ. ಅವರ ಹತ್ತಿರ ಮೊದಲು ಹೋದವರು ಸಮಾಜವಾದಿಗಳು. ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು. ಉಳುವವನೇ ಒಡೆಯ ಅನ್ನುವ ಕಾನೂನು ದೇವರಾಜ ಅರಸು ಕಾಲದಲ್ಲಿ, 1974ರಲ್ಲಿ ಬಂತು. ತಡವಾಯಿತು, ನಿಜ. ಆದರೆ ಜೈಲಿಗೆ ಹೋದರೂ ಏನೋ ಸಿಗುತ್ತದೆ ಅನ್ನುವ ದಾರಿ ಕಣ್ಣೆದುರಿಗಿತ್ತು.

ಬೆಲೆ ಕುಸಿತದ ಬಗ್ಗೆ ಕೇಳಿದ್ದೀರಿ, ಅದಕ್ಕೊಂದು ಒಳ್ಳೆಯ ಅಧ್ಯಯನ ಇದೆ. 1990ರ ದಶಕದ ಕೊನೆಗೆ ಜಗತ್ತಿನಾದ್ಯಂತ ಕಾಫಿ ಬೆಲೆ ಬಿತ್ತು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಆ ವರ್ಷಗಳು ಚೆನ್ನಾಗಿ ನೆನಪಿರುತ್ತವೆ. ಕೊಲಂಬಿಯಾದಲ್ಲಿ ಆಗ ಕಾಫಿ ಬೆಳೆಯುವ ಪ್ರದೇಶಗಳಲ್ಲೇ ಹಿಂಸೆ ಹೆಚ್ಚಾಯಿತು ಅಂತ ಒಯಿಂದ್ರಿಲಾ ದುಬೆ ಮತ್ತು ಹುವಾನ್ ವರ್ಗಾಸ್ ಎಂಬ ಸಂಶೋಧಕರು 2013ರಲ್ಲಿ ತೋರಿಸಿದರು. ಕೂಲಿ ಇಳಿದಾಗ ಸಶಸ್ತ್ರ ಗುಂಪು ಸೇರುವುದರಿಂದ ಕಳೆದುಕೊಳ್ಳುವುದು ಕಡಿಮೆ ಆಯಿತು ಅನ್ನುವುದು ಅವರ ವಾದ. ತಮಾಷೆ ನೋಡಿ, ಪೆಟ್ರೋಲ್ ಎಣ್ಣೆ ಸಿಗುವ ಪ್ರದೇಶಗಳಲ್ಲಿ ಉಲ್ಟಾ. ಅಲ್ಲಿ ಎಣ್ಣೆ ಬೆಲೆ ಏರಿದಾಗ ಹಿಂಸೆ ಏರಿತು, ದೋಚಲು ಜಾಸ್ತಿ ಸಿಕ್ಕಿತಲ್ಲ! ಅದೇ ಬೆಲೆ ಕುಸಿತ ಕೊಡಗಿನಲ್ಲಿ ದಂಗೆ ಎಬ್ಬಿಸಲಿಲ್ಲ. ಕೊಲಂಬಿಯಾದಲ್ಲಿ 1960ರ ದಶಕದಿಂದಲೂ ಸಶಸ್ತ್ರ ಗುಂಪುಗಳು ಊರೂರಲ್ಲಿ ಇದ್ದವು. ಕೆಲಸ ಹೋದವನ ಬಾಗಿಲಿಗೇ ಅವು ಬರುತ್ತಿದ್ದವು. ನಿಮ್ಮೂರಿನಲ್ಲಿ ಅಡಿಕೆ ರೇಟು ಬಿದ್ದಾಗ ಬಾಗಿಲಿಗೆ ಬಂದವರು ಸೊಸೈಟಿಯವರು, ಅಲ್ವಾ?

ಪ್ರಶ್ನೆ: ಹಾಗಾದರೆ ಯುವಕರಿಗೆ ಉದ್ಯೋಗ ಕೊಟ್ಟರೆ ಸಮಸ್ಯೆ ತೀರುತ್ತದಾ?
– ಶಿವಮೊಗ್ಗದ ಓದುಗರು, ಪದವಿ ವಿದ್ಯಾರ್ಥಿ

ಉತ್ತರ: ಸ್ವಲ್ಪ ಮಟ್ಟಿಗೆ. ಮಧ್ಯ ಭಾರತದಲ್ಲಿ ಮಳೆ ಕೈಕೊಟ್ಟ ವರ್ಷದ ನಂತರ ಮಾವೋವಾದಿ ಹಿಂಸೆ ಏರುತ್ತಿತ್ತು. ನರೇಗಾ ಬಂದ ಮೇಲೆ ಆ ನಂಟು ಸಡಿಲವಾಯಿತು ಅಂತ ಥೀಮೊ ಫೆಟ್ಜರ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಹೇಳುತ್ತದೆ. ಆದರೆ ಇರಾಕ್, ಅಫ್ಘಾನಿಸ್ತಾನ, ಫಿಲಿಪೈನ್ಸ್‌ ಅಂಕಿಅಂಶ ನೋಡಿದ ಎಲಿ ಬರ್ಮನ್ ತಂಡಕ್ಕೆ ನಿರುದ್ಯೋಗ ಹೆಚ್ಚಿದ್ದಲ್ಲಿ ದಾಳಿ ಹೆಚ್ಚು ಅನ್ನುವುದಕ್ಕೆ ಆಧಾರ ಸಿಗಲಿಲ್ಲ. ಒಂದು ಕಾರಣ ಇದಿರಬಹುದು: ಹಸಿದವನಿಂದ ಸುಳಿವು ಕೊಳ್ಳುವುದು ಸರ್ಕಾರಕ್ಕೂ ಸುಲಭ.

ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನ ಅಂತರ್ಯುದ್ಧದ ಕಥೆಯಂತೂ ಕಣ್ಣು ತೆರೆಸುತ್ತದೆ. ಅಲ್ಲಿ ಬಡವರು, ಶಾಲೆ ಬಿಟ್ಟವರು ಬಂಡುಕೋರರ ಕಡೆಯೂ ಇದ್ದರು, ಅವರ ವಿರುದ್ಧ ಹೋರಾಡಿದ ಕಡೆಯೂ ಇದ್ದರು. ಬಂಡುಕೋರರ ಪಡೆಯಲ್ಲಿದ್ದ ಬಹುಪಾಲು ಮಂದಿಯನ್ನು ಬಲವಂತವಾಗಿ ಹೊತ್ತೊಯ್ಯಲಾಗಿತ್ತು. ಅವರನ್ನು ‘ಸೇರಿದವರು’ ಅನ್ನುವುದೇ ತಪ್ಪು.

ಪ್ರಶ್ನೆ: ಶರಣಾದವರಿಗೆ ಲಕ್ಷಗಟ್ಟಲೆ ಕೊಡುತ್ತಾರೆ. ದುಡ್ಡಿನ ಆಸೆಗೆ ನಾಳೆ ಯಾರಾದರೂ ಹೋಗಿ ಬರಲ್ವಾ?
– ಹೊಸನಗರದ ಓದುಗರು

ಉತ್ತರ: ಬರಲ್ಲ ಬಿಡಿ. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಆರು ಮಂದಿ ನಕ್ಸಲರು ಶರಣಾದರು. ಅವರಲ್ಲಿ ನಾಲ್ವರು ಮಹಿಳೆಯರು, ಶೃಂಗೇರಿ ತಾಲ್ಲೂಕಿನ ಮುಂಡಗಾರು ಲತಾ ಅವರಲ್ಲಿ ಒಬ್ಬರು. ವರ್ಷಾನುಗಟ್ಟಲೆ ಜಿಗಣೆ, ಮಳೆ, ಗುಂಡಿನ ಭಯದಲ್ಲಿ ಬದುಕಿ, ಹೊರಬಂದ ಮೇಲೆ ನೇರ ಜೈಲಿಗೆ ಹೋದವರು. ಕೇಸುಗಳು ನಡೆಯಬೇಕು. ಆ ಹಣಕ್ಕಾಗಿ ಅಷ್ಟು ವರ್ಷ ಕಾಡಿನಲ್ಲಿ ಕಳೆಯುವ ಲೆಕ್ಕ ಯಾವ ತಲೆಗೂ ಹೊಳೆಯದು. ಎರಡು ತಿಂಗಳು ಮೊದಲಷ್ಟೇ, 2024ರ ನವೆಂಬರ್‌ನಲ್ಲಿ, ಹೆಬ್ರಿ ತಾಲ್ಲೂಕಿನ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಸತ್ತಿದ್ದನ್ನು ಅವರೂ ನೋಡಿದ್ದರು. ಹೊಸಬರು ಸೇರುವುದು ನಿಂತು ಎಷ್ಟೋ ಕಾಲವಾಗಿತ್ತು.

ಕೇಳುವುದಾದರೆ ಹಣಕ್ಕಿಂತ ಜಮೀನಿನ ವಿಷಯ ಕೇಳಿ. ಅರಣ್ಯ ಹಕ್ಕು ಕಾಯ್ದೆ ಬಂದಿದ್ದು 2006ರಲ್ಲಿ. ಪರಿಶಿಷ್ಟ ಪಂಗಡದವರಲ್ಲದ ರೈತರು 75 ವರ್ಷ ಅಲ್ಲೇ ನೆಲೆಸಿದ್ದಕ್ಕೆ ಪುರಾವೆ ತೋರಿಸಬೇಕು. ಮಲೆನಾಡಿನ ಬಹಳಷ್ಟು ಅರ್ಜಿಗಳು ಬಿದ್ದು ಹೋಗಿದ್ದು ಅಲ್ಲೇ. ಶರಾವತಿ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರ ಮಕ್ಕಳು, ಮೊಮ್ಮಕ್ಕಳು ಈಗಲೂ ಹಕ್ಕುಪತ್ರ ಕೇಳುತ್ತಿದ್ದಾರೆ, ಲಿಂಗನಮಕ್ಕಿ ಕಟ್ಟಿದ್ದು 1964ರಲ್ಲಿ. ಅವರು ಈ 60 ವರ್ಷವೂ ಪಾದಯಾತ್ರೆ, ಧರಣಿ, ಅರ್ಜಿ ಅಂತಲೇ ಇದ್ದಾರೆ.