ಓದುಗರ ಪ್ರಶ್ನೆ, ನಮ್ಮ ಉತ್ತರ: ಮಳೆಗಾಲದ ಮನೆಗೆ ಪೆಟ್ರೋಲ್ ಜನರೇಟರ್

ಪ್ರಶ್ನೆ: ನಮ್ಮದು ಒಂಟಿ ಮನೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ಮೂರು ದಿನ ಕರೆಂಟು ಇರುವುದಿಲ್ಲವಾದ್ದರಿಂದ 2 ಕೆವಿಎ ಪೆಟ್ರೋಲ್ ಜನರೇಟರ್ ತಂದಿದ್ದೇವೆ. ಅಂಗಳದಲ್ಲಿಟ್ಟರೆ ನೆನೆಯುತ್ತದೆಂದು ಅಡುಗೆಮನೆಗೆ ಹೊಂದಿಕೊಂಡ ಸೌದೆ ಕೊಟ್ಟಿಗೆಯಲ್ಲಿಟ್ಟು, ಬಾಗಿಲು ತೆರೆದು ಓಡಿಸುತ್ತೇವೆ. ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿದರೆ ಇಡೀ ಮನೆಗೆ ಕರೆಂಟು ಸಿಗುತ್ತದೆಂದು ಪರಿಚಯದವರೊಬ್ಬರು ಹೇಳಿದ್ದಾರೆ. ಹೀಗೆ ಮಾಡಬಹುದೇ?
— ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಎರಡೂ ಕೂಡದು. ಕೊಟ್ಟಿಗೆಯ ವಿಷಯ ಹೆಚ್ಚು ತುರ್ತಿನದಾದ್ದರಿಂದ ಮೊದಲು ಅದನ್ನೇ ಹೇಳುತ್ತೇವೆ.

ಜನರೇಟರಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುವುದರಿಂದ, ಉಸಿರಾಟ ಸರಾಗವಾಗಿಯೇ ನಡೆಯುತ್ತಿದ್ದರೂ ದೇಹಕ್ಕೆ ಆಮ್ಲಜನಕ ಸಾಲದೆ ಹೋಗುತ್ತದೆ. ಹೆಂಚಿನ ಮನೆಯಲ್ಲವೇ, ಸಂದಿಯಿಂದ ಹೊಗೆ ಹೋಗುತ್ತದೆ ಎಂಬ ಮಾತು ಮಲೆನಾಡಿನಲ್ಲಿ ಸಾಮಾನ್ಯ. ಆದರೆ ಒಲೆಯ ಹೊಗೆ ಕಣ್ಣುರಿಸಿ, ಕೆಮ್ಮು ತರಿಸಿ ನಮ್ಮನ್ನು ಎಬ್ಬಿಸುತ್ತದೆ. ಇದು ಹಾಗೆ ಎಬ್ಬಿಸುವುದಿಲ್ಲ. ಬಾಗಿಲು ತೆರೆದಿಟ್ಟರೂ, ಫ್ಯಾನ್ ಹಾಕಿದರೂ ಒಳಗೆ ಸೇರುವ ಅನಿಲ ಅಪಾಯದ ಮಟ್ಟಕ್ಕೆ ಏರಬಲ್ಲದು. ಒಂದು ಕಡೆ ತೆರೆದ ಜಗಲಿಗೂ ಇದೇ ಮಾತು.

ಆದ್ದರಿಂದ ಮನೆಯ ಬಾಗಿಲು ಕಿಟಕಿಗಳಿಂದ ಕನಿಷ್ಠ 20 ಅಡಿ ದೂರದಲ್ಲಿ, ಸೈಲೆನ್ಸರ್ ಮನೆಗೆ ಬೆನ್ನು ಮಾಡಿರುವಂತೆ ಜನರೇಟರ್ ಇಡಬೇಕು. ಮಳೆಗೆ ಪರಿಹಾರವೆಂದರೆ ನಾಲ್ಕು ಕಂಬಗಳ ಮೇಲೆ ಎತ್ತರಕ್ಕೆ ತಗಡು ಹೊದಿಸಿ, ನಾಲ್ಕೂ ಕಡೆ ತೆರೆದಿಟ್ಟು, ನೀರು ನಿಲ್ಲದಂತೆ ಕೆಳಗೆ ಕಲ್ಲಿನ ಕಟ್ಟೆ ಮಾಡುವುದು. ಇರಚಲು ಹೊಡೆಯುತ್ತದೆಂದು ಪಕ್ಕಗಳಿಗೆ ಟಾರ್ಪಾಲು ಕಟ್ಟಿದರೆ ಅದು ಮತ್ತೆ ಕೊಟ್ಟಿಗೆಯೇ ಆಯಿತು. ಅಂಥ ಗಾಳಿಮಳೆಯ ಹೊತ್ತಿನಲ್ಲಿ ಯಂತ್ರವನ್ನು ನಿಲ್ಲಿಸುವುದೇ ಸರಿ. ಒದ್ದೆ ಕೈಯಲ್ಲಿ ಸ್ವಿಚ್ಚು, ಪ್ಲಗ್ಗುಗಳನ್ನು ಮುಟ್ಟಬಾರದು.

ಜನರೇಟರ್ ಓಡುತ್ತಿರುವಾಗ ಮನೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ತಲೆನೋವು, ತಲೆಸುತ್ತು, ವಾಂತಿ ಕಾಣಿಸಿಕೊಂಡರೆ ಪಿತ್ತವೆಂದು ಮಲಗಿಸದೆ ಎಲ್ಲರನ್ನೂ ಕೂಡಲೇ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಬೇಕು. ಬ್ಯಾಟರಿಯಿಂದ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಮಾರುಕಟ್ಟೆಯಲ್ಲಿ ಸಿಗುತ್ತದೆ. ಜನರೇಟರಿಗೆ ಕೊಟ್ಟ ಹಣದ ಮುಂದೆ ಅದರ ಬೆಲೆ ದೊಡ್ಡದಲ್ಲ. ಮಲಗುವ ಕೋಣೆಯ ಬಳಿ ಒಂದನ್ನು ಹಾಕಿಸಿ.

ಇನ್ನು ಎರಡು ಪ್ಲಗ್ಗಿನ ವೈರು. ಅದರ ಒಂದು ತುದಿ ಜನರೇಟರಿನಲ್ಲಿರುವಾಗ ಇನ್ನೊಂದು ತುದಿಯ ಪಿನ್ನುಗಳು ಬರಿಗೈಗೆ ಸಿಗುವಂತೆ 230 ವೋಲ್ಟ್ ಹೊತ್ತಿರುತ್ತವೆ. ಅದಕ್ಕಿಂತ ದೊಡ್ಡ ಅನಾಹುತ ರಸ್ತೆಯ ಕಂಬದಲ್ಲಿ ಕಾದಿರುತ್ತದೆ. ಮೇನ್ ಸ್ವಿಚ್ ಇಳಿಸಲು ಮರೆತರೆ ನಿಮ್ಮ ಕರೆಂಟು ಮೀಟರ್ ದಾಟಿ ಹಿಂದಕ್ಕೆ ಹರಿದು ಟಿಸಿಯನ್ನು, ಅಂದರೆ ಟ್ರಾನ್ಸ್‌ಫಾರ್ಮರನ್ನು, ಸೇರುತ್ತದೆ. 11,000 ವೋಲ್ಟನ್ನು ಇಳಿಸಿ ನಮಗೆ ಕೊಡುವ ಅದೇ ಟಿಸಿ, ಉಲ್ಟಾ ದಿಕ್ಕಿನಿಂದ ಬಂದ ಕರೆಂಟನ್ನು ಸಾವಿರಾರು ವೋಲ್ಟಿಗೆ ಏರಿಸಬಲ್ಲದು. ಲೈನ್ ಆಫ್ ಮಾಡಿಸಿಕೊಂಡೇ ಕಂಬ ಹತ್ತಿದ ಲೈನ್‌ಮನ್ ಸಾಯುವುದು ಹೀಗೆ. ಮೇನ್ ಇಳಿಸುವ ನೆನಪಿನ ಮೇಲೆ ಇನ್ನೊಬ್ಬರ ಜೀವವನ್ನು ನಿಲ್ಲಿಸುವುದು ನ್ಯಾಯವಲ್ಲ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ಬದಲಿಸುವ ಚೇಂಜ್‌ಓವರ್ ಸ್ವಿಚ್ (ಮನೆಯನ್ನು ಒಂದೋ ಲೈನಿಗೆ, ಇಲ್ಲವೇ ಜನರೇಟರಿಗೆ ಮಾತ್ರ ಜೋಡಿಸುವ ಸ್ವಿಚ್) ಹಾಕಿಸಿ, ಅರ್ತಿಂಗನ್ನೂ ಪರೀಕ್ಷೆ ಮಾಡಿಸಿಕೊಳ್ಳಿ. ಅಲ್ಲಿಯವರೆಗೆ ಫ್ರಿಜ್ಜು, ದೀಪಗಳನ್ನು ದಪ್ಪನೆಯ ಮೂರೆಳೆಯ ಎಕ್ಸ್‌ಟೆನ್ಷನ್ ವೈರಿನಿಂದ ಜನರೇಟರಿಗೇ ನೇರವಾಗಿ ಜೋಡಿಸಿ; ವೈರನ್ನು ಸುರುಳಿಯಲ್ಲೇ ಬಿಟ್ಟರೆ ಬಿಸಿಯಾಗಿ ಕರಗೀತು, ಪೂರ್ತಿ ಬಿಚ್ಚಿಡಿ. ಒಂದು ಎಚ್‌ಪಿ ಪಂಪು ಎಂದರೆ 746 ವ್ಯಾಟ್ ತಾನೇ ಎಂದು ಲೆಕ್ಕ ಹಾಕಬೇಡಿ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟರು ಅದರ ಹಲವು ಪಟ್ಟು ಎಳೆಯುತ್ತದೆ.

ಪ್ರಶ್ನೆ: ನಮಗೆ ಪೆಟ್ರೋಲ್ ಬಂಕ್ ದೂರ. ಮಳೆಗಾಲ ಪೂರ್ತಿಗೆ ಬೇಕಾದಷ್ಟನ್ನು ಜೂನ್‌ನಲ್ಲೇ ಪ್ಲಾಸ್ಟಿಕ್ ಕ್ಯಾನಿನಲ್ಲಿ ತಂದಿಡಬಹುದೇ? ಕಳೆದ ವರ್ಷ ಮಳೆ ಮುಗಿದ ಮೇಲೆ ಹಾಗೆಯೇ ಇಟ್ಟ ಜನರೇಟರ್ ಈ ಬಾರಿ ಸ್ಟಾರ್ಟ್ ಆಗಲಿಲ್ಲ. ಏಕೆ?
— ಓದುಗರು, ಶಿರಸಿ

ಉತ್ತರ: 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ, ಮಾರಾಟಕ್ಕಲ್ಲದ ಪೆಟ್ರೋಲನ್ನು ಒಟ್ಟು 30 ಲೀಟರಿನವರೆಗೆ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದು. ಆದರೆ ಅದು ಬಿಗಿಯಾದ ಮುಚ್ಚಳವಿರುವ ಲೋಹದ ಪಾತ್ರೆಯಲ್ಲಿದ್ದರೆ ಪಾತ್ರೆ 25 ಲೀಟರಿಗಿಂತ, ಗಾಜು ಅಥವಾ ಪಿಂಗಾಣಿಯಲ್ಲಿದ್ದರೆ ಒಂದು ಲೀಟರಿಗಿಂತ ದೊಡ್ಡದಿರಬಾರದು. ಪ್ಲಾಸ್ಟಿಕ್ ಈ ಪಟ್ಟಿಯಲ್ಲಿಲ್ಲ. ಕಾನೂನು ಬಿಟ್ಟಿದೆಯೆಂದು 30 ಲೀಟರ್ ತುಂಬಿಡುವುದು ಜಾಣತನವಲ್ಲ; ಐದು ಲೀಟರಿನಷ್ಟು ಇಟ್ಟುಕೊಂಡು ಪೇಟೆಗೆ ಹೋದಾಗಲೆಲ್ಲ ಹೊಸದನ್ನು ತರುವುದು ಮೇಲು. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾಗಿದ್ದು ನೆಲದುದ್ದಕ್ಕೂ ಹರಿದು ದೂರದ ಬಚ್ಚಲೊಲೆಯ ಕೆಂಡವನ್ನೂ ಮುಟ್ಟಬಲ್ಲದು. ಹಾಗಾಗಿ ಕ್ಯಾನಿನ ಜಾಗ ಮನೆಯ ಹೊರಗೆ, ನೆರಳಿನಲ್ಲಿ. ಟ್ಯಾಂಕಿಗೆ ತುಂಬುವಾಗಲೂ ಜನರೇಟರನ್ನು ನಿಲ್ಲಿಸಿ, ಇಪ್ಪತ್ತು ನಿಮಿಷವಾದರೂ ಆರಲು ಬಿಡಿ.

ನಿಮ್ಮ ಯಂತ್ರ ಮುಷ್ಕರ ಹೂಡಿದ್ದಕ್ಕೆ ಬಹುಮಟ್ಟಿಗೆ ಹಳೆಯ ಪೆಟ್ರೋಲೇ ಕಾರಣವಿರಬೇಕು. ತಿಂಗಳುಗಟ್ಟಲೆ ನಿಂತ ಪೆಟ್ರೋಲ್ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗ ಪೆಟ್ರೋಲಿಗೆ ಬೆರೆಸುತ್ತಿರುವ ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಮ್ಮ ಕಡೆ ತೇವಕ್ಕೇನೂ ಬರವಿಲ್ಲ. ಮಳೆ ಮುಗಿದ ಮೇಲೆ ಟ್ಯಾಂಕನ್ನು ಬಸಿದು ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಬಯಲಿನಲ್ಲಿ ಓಡಿಸಿ. ಎಂಜಿನ್ ಆಯಿಲ್ ಬದಲಿಸಿ. ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ರಂಧ್ರದೊಳಗೆ ಒಂದು ಚಮಚ ಹೊಸ ಎಂಜಿನ್ ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲನೆ ಎರಡು ಮೂರು ಸಲ ಎಳೆದು ಪ್ಲಗ್ಗನ್ನು ಮತ್ತೆ ಹಾಕಿ. ಪ್ಲಾಸ್ಟಿಕ್ ಹಾಳೆಯಲ್ಲಿ ಬಿಗಿದರೆ ಒಳಗೆ ಬೆವರುತ್ತದೆ, ದಪ್ಪ ಬಟ್ಟೆ ಹೊದಿಸಿದರೆ ಸಾಕು. ಜೂನ್‌ನಲ್ಲಿ ಹೊರತೆಗೆದಾಗ ಏರ್ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿಲ್ಲವೆಂದೂ ವೈರು ಕಡಿದಿಲ್ಲವೆಂದೂ ನೋಡಿಕೊಂಡೇ ಹಗ್ಗ ಎಳೆಯಿರಿ. ಬಸಿದ ಪೆಟ್ರೋಲ್ ಹೊಸದಾಗಿದ್ದರೆ ಬೈಕಿಗೆ ಹಾಕಿ ಖರ್ಚು ಮಾಡಬಹುದು. ಹಳಸಿದ್ದರೆ ಗ್ಯಾರೇಜಿನವರಿಗೆ ಕೊಡಿ. ತೋಟದ ಬಸಿಗಾಲುವೆಗೆ ಮಾತ್ರ ಸುರಿಯಬೇಡಿ.