ಮಂಗಳೂರಿನ ವಕೀಲರು ಮಧ್ಯಸ್ಥಗಾರರಾಗುವುದು ಹೇಗೆ? ಅದರಿಂದ ಜೀವನ ನಡೆದೀತೇ?

ಆಗಬಹುದು, ಆದರೆ ಇದನ್ನೇ ನಂಬಿ ವಕೀಲಿಕೆ ಬಿಡಬೇಡಿ. ಎರಡೂ ಕಡೆಯವರು ತಾವೇ ರಾಜಿಗೆ ಬರಲು ನೆರವಾಗುವುದು ಮಧ್ಯಸ್ಥಗಾರರ ಕೆಲಸ; ನ್ಯಾಯಾಲಯ ಒಪ್ಪಿಸುವ ಪ್ರಕರಣಗಳಿಗೆ ಸಿಗುವುದು ಗೌರವಧನ ಮಾತ್ರ.

ಮೊದಲು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ. ನ್ಯಾಯಾಲಯದ ಪಟ್ಟಿಗೆ ಸೇರಲು ವೃತ್ತಿಯ ಅನುಭವದ ಜೊತೆಗೆ ಸಾಮಾನ್ಯವಾಗಿ 40 ಗಂಟೆಗಳ ತರಬೇತಿ ಬೇಕು. ಎರಡೂ ಕಡೆಯವರನ್ನು ಪ್ರತ್ಯೇಕವಾಗಿ ಮಾತನಾಡಿಸುವುದು, ಕೇಳಿದ ಗುಟ್ಟನ್ನು ಕಾಯುವುದು, ತೀರ್ಪು ಹೇಳುವ ಚಪಲ ಬಿಡುವುದು ಅಲ್ಲಿನ ಪಾಠ. ವಕೀಲರಿಗೆ ಕೊನೆಯದೇ ಕಷ್ಟ!

ನಮ್ಮಲ್ಲಿ ತುಳು ಬರಲೇಬೇಕು ಎನ್ನುತ್ತೇನೆ. ಅಳಿಯಸಂತಾನ (ತಾಯಿಯ ಕಡೆಯಿಂದ ಆಸ್ತಿ ಸಾಗುವ) ಕುಟುಂಬಗಳ ಪಾಲಿನ ವ್ಯಾಜ್ಯದಲ್ಲಿ ತರವಾಡು ಮನೆಯ, ಅಂದರೆ ಕುಟುಂಬದ ಮೂಲ ಮನೆಯ, ದೈವದ ಚಾಕರಿ ಯಾರಿಗೆ ಎಂಬುದು ಎಷ್ಟೋ ಸಲ ಜಮೀನಿಗಿಂತ ದೊಡ್ಡ ಗಂಟು. ಅದು ದಾವೆಯ ಕಾಗದದಲ್ಲಿ ಕಾಣುವುದಿಲ್ಲ.

2018ರಿಂದ ವಾಣಿಜ್ಯ ವ್ಯಾಜ್ಯಗಳಲ್ಲಿ, ತುರ್ತು ಪರಿಹಾರ ಕೋರದಿದ್ದರೆ, ದಾವೆಗೆ ಮುನ್ನವೇ ಮಧ್ಯಸ್ಥಿಕೆ ನಡೆಯಬೇಕು. ಅಲ್ಲಿ ಶುಲ್ಕ ದಾವೆಯ ಮೊತ್ತಕ್ಕೆ ತಕ್ಕಂತೆ ಇರುತ್ತದೆ, ಅತ್ತಲೂ ಗಮನ ಕೊಡಿ.